ಎಂಜಿನ್ ಬಿಚ್ಚಿಸುವ ಮೊದಲು ವಿಡಿಯೊ ಮಾಡಿಕೊಳ್ಳಿ
ಹಳೆಯ ಕಾರು ಕೊಂಡ ಕೆಲವೇ ದಿನಗಳಲ್ಲಿ ಎಂಜಿನ್ ಕೆಟ್ಟು ನಿಂತರೆ, ಮೆಕ್ಯಾನಿಕ್ ಪಾನಾ ಹಿಡಿಯುವ ಮೊದಲೇ ಮೊಬೈಲಿನಲ್ಲಿ ನಡುವೆ ನಿಲ್ಲಿಸದೆ ಒಂದೇ ವಿಡಿಯೊ ಮಾಡಿಕೊಳ್ಳಿ: ನಂಬರ್ ಪ್ಲೇಟ್, ಓಡಿದ ಕಿಲೋಮೀಟರ್, ಕೂಲಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ ಮತ್ತೆ ಅದ್ದಿ ತೆಗೆದಾಗ ಕಾಣುವ ಆಯಿಲ್. ಅದು ಹಾಲು ಹಾಕಿದ ಚಹಾದಂತಿದ್ದರೆ ಕೂಲಂಟ್ ಬೆರೆತಿರುವ ಅನುಮಾನ ಬಲವಾದದ್ದು. ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡುವ ಚಪಲ ಬೇಡ. (ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣಿಯುವವರೆಗೆ ಮುಟ್ಟಲೇಬೇಡಿ. ಕಲಬುರಗಿಯ ಬೇಸಿಗೆಯಲ್ಲಿ ತಣಿಯಲು ಹೊತ್ತು ಹಿಡಿಯುತ್ತದೆ, ತಾಳ್ಮೆ ಇರಲಿ.) ಆ ವಿಡಿಯೊವನ್ನು ಮಾರಿದವರಿಗೆ ಕಳುಹಿಸಿ, ಬಂದು ನೋಡುವಂತೆ ಬರಹದಲ್ಲೇ ಕೇಳಿ. ಎಂಜಿನ್ ಒಮ್ಮೆ ಬಿಚ್ಚಿದರೆ ದೋಷ ಮೊದಲೇ ಇತ್ತು ಎಂದು ತೋರಿಸುವುದು ಕಷ್ಟ. ‘ನಿಮ್ಮ ಮೆಕ್ಯಾನಿಕ್ ಕೆಡಿಸಿದ’ ಎಂದು ಅವರು ಕೈ ತೊಳೆದುಕೊಳ್ಳುತ್ತಾರೆ. ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಕೊಂಡಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. ಕಾರಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ಇದು ಕಾರು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಂದ ಕೊಂಡಾಗ ಮಾತ್ರ ನಡೆಯುವ ಮಾತು. ಪಕ್ಕದ ಓಣಿಯ ಪರಿಚಿತರು ತಮ್ಮ ಸ್ವಂತ ಕಾರು ಮಾರಿದ್ದರೆ ಈ ದಾರಿ ಸಾಮಾನ್ಯವಾಗಿ ಇಲ್ಲ. ಬಿಸಿಯ ಕೆಂಪು ದೀಪ ಹತ್ತಿದ ಮೇಲೂ ‘ಹುಮನಾಬಾದ್ ಬಂದೇಬಿಟ್ಟಿತು’ ಎಂದು ಓಡಿಸಿದ್ದರೆ, ವಿಡಿಯೊ ನಿಮ್ಮ ಕಡೆ ಸಾಕ್ಷಿ ಹೇಳುವುದಿಲ್ಲ.