ಚಕ್ರಕ್ಕೆ ಕಟ್ಟಿದ ಕಾಲರ್ ಮೈಕ್

ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಕಾರು ನಿಲ್ಲಿಸಿದಾಗ ಮೊದಲು ಮೂಗಿಗೆ ಬಡಿದದ್ದು ಸುಟ್ಟ ವಾಸನೆ. ಘಾಟಿ ಇಳಿದ ಕಾರಿನ ಬ್ರೇಕು ಸ್ವಲ್ಪ ನಾರುವುದು ಹೊಸತಲ್ಲ. ಹದಿನಾಲ್ಕು ತಿರುವುಗಳನ್ನು ಎರಡನೇ ಗೇರಿನಲ್ಲೇ ಇಳಿದರೂ ಕಾಲು ಪೆಡಲಿನ ಮೇಲೆ ಹೋಗಿಯೇ ಹೋಗುತ್ತದೆ. ಆದರೆ ವಾಸನೆ ಒಂದೇ ಕಡೆಯಿಂದ ಬರುತ್ತಿತ್ತು. ಬಲ ಮುಂಚಕ್ರದ ಹತ್ತಿರ ಅಂಗೈ ಹಿಡಿದರೆ ಬೆಚ್ಚಗಿತ್ತು. ಎಡ ಮುಂಚಕ್ರದ ಹತ್ತಿರ ಹಿಡಿದರೆ ಬಚ್ಚಲೊಲೆಯ ಬಾಯಿಗೆ ಹಿಡಿದಂತಾಯಿತು. ಪಕ್ಕದಲ್ಲಿದ್ದವರೊಬ್ಬರು ಬಾಟಲಿಯ ನೀರು ಎರಚಲು ಬಂದರು, ಬೇಡವೆಂದು ತಡೆದೆ. ಚಕ್ರದ ಜೊತೆ ತಿರುಗುವ ಬ್ರೇಕಿನ ಲೋಹದ ತಟ್ಟೆಗೆ, ಅಂದರೆ ಕಾದ ಡಿಸ್ಕಿಗೆ, ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಅರ್ಧ ಗಂಟೆ ಕಾದು ಹೊರಟೆ.

ಕಾರು 2009ರದು, ನಾನು ಮೂರನೇ ಮಾಲೀಕ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್ ಇರುವ ಸಾಧಾರಣ ಸಣ್ಣ ಕಾರು. ಕೊಂಡ ಮೂರು ತಿಂಗಳಿಗೆ ಮುಂದಿನಿಂದ ಒಂದು ಉಜ್ಜುವ ಶಬ್ದ ಶುರುವಾಗಿತ್ತು, ಜೊತೆಗೆ ವೇಗ ಹೆಚ್ಚಿದಂತೆ ಏರುವ ಒಂದು ಗುಂಯ್‌ಗುಡುವಿಕೆ. ಊರಿನ ಗ್ಯಾರೇಜಿನ ಮೇಸ್ತ್ರಿ ಒಂದು ಸುತ್ತು ಓಡಿಸಿ ನೋಡಿ, "ವೀಲ್ ಬೇರಿಂಗ್ ಹೋಗಿದೆ" ಎಂದರು. ಎಡಗಡೆಯ ಬೇರಿಂಗ್ ಹೊಸದಾಯಿತು, ಕೂಲಿ ಸೇರಿ 2,800 ರೂಪಾಯಿ ಹೋಯಿತು, ಎರಡೂ ಶಬ್ದಗಳು ಇದ್ದ ಹಾಗೆಯೇ ಉಳಿದವು. "ಈಗ ಬಲಗಡೆಯದನ್ನೂ ಹಾಕಿಬಿಡೋಣ" ಎಂದಾಗ ನಾನು ಕಾರಿನ ಕೀಲಿ ಕೇಳಿ ಪಡೆದುಕೊಂಡೆ.

ನನ್ನ ಕಸುಬು ತೀರ್ಥಹಳ್ಳಿಯ ಕಡೆ ಮದುವೆ, ಯಕ್ಷಗಾನ, ಸಭೆಗಳಿಗೆ ಮೈಕ್‌ಸೆಟ್ ಹಾಕುವುದು. ಸ್ಪೀಕರಿನಲ್ಲಿ ಗುಂಯ್ ಎಂದರೆ ಯಾರೂ ಮೊದಲು ಆಂಪ್ಲಿಫೈಯರ್ ಬದಲಿಸುವುದಿಲ್ಲ. ಒಂದೊಂದೇ ವೈರು ಕೀಳುತ್ತಾ ಹೋಗುತ್ತೇವೆ, ಯಾವುದನ್ನು ಕಿತ್ತಾಗ ಶಬ್ದ ನಿಂತಿತೋ ಅಲ್ಲಿ ಕೈ ಹಾಕುತ್ತೇವೆ. ಕಾರಿಗೂ ಅದನ್ನೇ ಮಾಡುವುದೆಂದು ಒಂದು ಭಾನುವಾರ ಬೆಳಿಗ್ಗೆ, ವಾಹನಗಳಿಲ್ಲದ ಸಮತಟ್ಟು ರಸ್ತೆಗೆ ಮಗನನ್ನು ಕರೆದುಕೊಂಡು ಹೋದೆ.

ಮೊದಲು 40ರ ವೇಗದಲ್ಲಿ ನ್ಯೂಟ್ರಲಿಗೆ ತಂದು ಉರುಳಲು ಬಿಟ್ಟೆವು. (ಇದನ್ನು ಸಮತಟ್ಟಿನಲ್ಲಿ ಮಾತ್ರ ಮಾಡಬೇಕು, ಇಳಿಜಾರಿನಲ್ಲಿ ಅಲ್ಲ.) ಎಂಜಿನ್ ಸದ್ದು ಇಳಿಯಿತು, ನಮ್ಮ ಎರಡು ಶಬ್ದಗಳು ಇಳಿಯಲಿಲ್ಲ. ಹಾಗಾದರೆ ಎಂಜಿನ್, ಸೈಲೆನ್ಸರ್ ಎರಡನ್ನೂ ಬಿಡಬಹುದು. ಆಮೇಲೆ ನಿಧಾನವಾಗಿ ಹಾವಿನಂತೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಓಡಿಸಿದೆವು. ಎಡಕ್ಕೆ ತಿರುಗಿದಾಗ ಭಾರ ಬಲಚಕ್ರಗಳ ಮೇಲೆ ಬೀಳುತ್ತದೆ. ಬಲಗಡೆಯ ಬೇರಿಂಗ್ ಸವೆದಿದ್ದರೆ ಗುಂಯ್ ಆಗ ಜೋರಾಗಬೇಕು, ಬಲಕ್ಕೆ ತಿರುಗಿದಾಗ ತಗ್ಗಬೇಕು. ನಮ್ಮದು ಎತ್ತ ತಿರುಗಿದರೂ ಒಂದೇ ಶ್ರುತಿ. ಬಲಗಡೆಯ ಬೇರಿಂಗಿನ ದುಡ್ಡು ಅಲ್ಲಿಗೆ ಉಳಿಯಿತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿದಾಗ ಟಕ್ ಟಕ್ ಬರಲಿಲ್ಲವಾದ್ದರಿಂದ ಆಕ್ಸಲಿನ ಕೀಲುಗಳೂ ಸರಿಯಾಗಿದ್ದವು. ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟಾಗ ಮಾತ್ರ ಉಜ್ಜುವ ಶಬ್ದದ ಬಣ್ಣವೇ ಬದಲಾಯಿತು, ಗಟ್ಟಿಯಾಗಿ ಒತ್ತಿದರೆ ಕಾರು ಬಲಕ್ಕೆ ಎಳೆಯಿತು. ಗುಂಯ್ ಮಾತ್ರ ಬ್ರೇಕಿಗೆ ಕ್ಯಾರೇ ಎನ್ನಲಿಲ್ಲ. ಇವು ಬೇರೆಬೇರೆ ಕಡೆಯಿಂದ ಬರುವ ಎರಡು ಶಬ್ದಗಳು ಎಂಬುದು ನನಗೆ ಹೊಳೆದದ್ದು ಆಗ. ಒಂದೇ ಕಾಯಿಲೆಗೆ ಔಷಧ ಹುಡುಕುತ್ತಿದ್ದರಿಂದಲೇ ಅಷ್ಟು ದಿನ ಎಲ್ಲರೂ ಎಡವಿದ್ದು.

ಆದರೆ ಎಲ್ಲಿಂದ? ಕಾರಿನೊಳಗೆ ಕೂತವನ ಕಿವಿ ಈ ವಿಷಯದಲ್ಲಿ ನಂಬಲರ್ಹವಲ್ಲ. ಹಿಂದಿನ ಶಬ್ದ ತಗಡಿನುದ್ದಕ್ಕೂ ಹರಿದು ಮುಂದೆ ಕೇಳಿಸುತ್ತದೆ. ಅಂಗಡಿಯಲ್ಲಿ ಭಾಷಣಕಾರರ ಅಂಗಿಗೆ ಸಿಕ್ಕಿಸುವ ವೈರಿಲ್ಲದ ಕಾಲರ್ ಮೈಕ್ ಇತ್ತು. ಅದಕ್ಕೆ ದಪ್ಪ ಸ್ಪಂಜು ಸುತ್ತಿ, ಚಕ್ರದ ಹಿಂದಿನ ಕಬ್ಬಿಣದ ತೋಳಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದೆ. ತಿರುಗುವ ಯಾವ ಭಾಗಕ್ಕೂ ತಾಗದಂತೆ ಎರಡೆರಡು ಸಲ ನೋಡಿಕೊಂಡೆ. ಮಗ ಓಡಿಸಿದ, ನಾನು ಪಕ್ಕದಲ್ಲಿ ಹೆಡ್‌ಫೋನ್ ಹಾಕಿ ಕೂತೆ. ನಾಲ್ಕು ಚಕ್ರ, ನಾಲ್ಕು ಸಲ. ದಾರಿಯಲ್ಲಿ ನೋಡಿದವರು ಏನೆಂದುಕೊಂಡರೋ ತಿಳಿಯದು.

ಎಡ ಮುಂಚಕ್ರದಲ್ಲಿ 'ಶ್ರ್... ಶ್ರ್... ಶ್ರ್' ಎಂಬುದು ಕೈಗೆ ಸಿಗುವಷ್ಟು ಸ್ಪಷ್ಟವಾಗಿತ್ತು. 20 ಕಿ.ಮೀ. ವೇಗದಲ್ಲಿ ಎಣಿಸಿದರೆ ಸೆಕೆಂಡಿಗೆ ಮೂರಕ್ಕೆ ಒಂದಿಷ್ಟು ಹೆಚ್ಚು. ಚಕ್ರದ ಸುತ್ತಳತೆ ಸುಮಾರು 1.7 ಮೀಟರ್, ಆ ವೇಗದಲ್ಲಿ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಲೆಕ್ಕ ಕೂಡಿತು: ಚಕ್ರದ ಒಂದು ಸುತ್ತಿಗೆ ಒಂದು ಸಲ ಏನೋ ತಾಗುತ್ತಿದೆ. ಗುಂಯ್ ಎಂಬುದು ಅಲ್ಲಿ ಕ್ಷೀಣ. ಅದು ಮೊಳಗಿದ್ದು ಬಲ ಹಿಂಚಕ್ರದಲ್ಲಿ!

ಮನೆಯ ಅಂಗಳದಲ್ಲಿ, ಗಟ್ಟಿ ನೆಲದ ಮೇಲೆ, ಹಿಂಚಕ್ರಗಳಿಗೆ ಕಲ್ಲು ಕೊಟ್ಟು ಮುಂದನ್ನು ಎತ್ತಿದೆ. ಕಾರಿನ ಜೊತೆ ಬರುವ ಜಾಕ್ ಎತ್ತುವುದಕ್ಕೆ ಮಾತ್ರ. ಅದನ್ನೇ ನಂಬಿ ಅಡಿಗೆ ಕೈ ತೂರಿಸಬಾರದು, ಕಬ್ಬಿಣದ ಸ್ಟ್ಯಾಂಡ್ ಕೊಡಲೇಬೇಕು. ಬಲಚಕ್ರ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಎರಡು ಸುತ್ತು ಹೋಯಿತು. ಎಡದ್ದು ಅರ್ಧ ಸುತ್ತಿಗೆ ನಿಂತಿತು.

ಚಕ್ರ ಬಿಚ್ಚಿದ ಮೇಲೆ ಕಣ್ಣಿಗೆ ಬೀಳುವುದು ಹೊರಗಿನ ಬ್ರೇಕ್ ಪ್ಯಾಡ್. ಅದರಲ್ಲಿ ಇನ್ನೂ ಆರೇಳು ಮಿ.ಮೀ. ಸರಕಿತ್ತು. ಗ್ಯಾರೇಜಿನಲ್ಲಿ "ಪ್ಯಾಡ್ ಚೆನ್ನಾಗಿದೆ" ಎಂದದ್ದು ಸುಳ್ಳಲ್ಲ, ನೋಡಿದ್ದು ಇದನ್ನೇ. ಎರಡು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಕ್ಯಾಲಿಪರ್ ಕಳಚಿ ಒಳಗಿನದನ್ನು ಹೊರತೆಗೆದರೆ ಒಂದು ತುದಿಯಲ್ಲಿ ಒಂದು ಮಿ.ಮೀ. ಕೂಡ ಉಳಿದಿರಲಿಲ್ಲ. 3 ಮಿ.ಮೀ.ಗೆ ಬಂದಾಗಲೇ ಬದಲಿಸಬೇಕಾದದ್ದು. ಸವೆತ ತಿಳಿಸಲೆಂದೇ ಪ್ಯಾಡಿಗೆ ಇಟ್ಟಿರುವ ತಗಡಿನ ನಾಲಿಗೆ ಡಿಸ್ಕಿನ ಉಬ್ಬಿದ ಕಡೆ ಪ್ರತಿ ಸುತ್ತಿಗೂ ನೆಕ್ಕಿ ಬರುತ್ತಿತ್ತು. ಪಾಪ, ತಿಂಗಳುಗಟ್ಟಲೆ ಕೂಗಿ ಹೇಳುತ್ತಿತ್ತು, ನಾವು ಬೇರಿಂಗ್ ಎಂದುಕೊಂಡೆವು.

ಮೂಲ ಕಾರಣ ಪ್ಯಾಡೂ ಅಲ್ಲ. ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ನನ್ನದರಲ್ಲಿ ಕೆಳಗಿನ ಪಿನ್ನಿನ ರಬ್ಬರ್ ಟೋಪಿ ಹರಿದು, ಮಲೆನಾಡಿನ ಮಳೆ ನೀರು ಹೊಕ್ಕು, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಳಗಿನ ಪ್ಯಾಡ್ ಒಂದೇ ದುಡಿಯಿತು, ಕಾಲು ತೆಗೆದರೂ ಡಿಸ್ಕನ್ನು ಬಿಡಲಿಲ್ಲ. ಎಡಗಡೆ ಕಾವು ಏರಿದ್ದಕ್ಕೂ, ಒತ್ತಿದಾಗ ಕಾರು ಬಲಕ್ಕೆ ಎಳೆದದ್ದಕ್ಕೂ ಕಾರಣ ಬೆರಳುದ್ದದ ಆ ಕಬ್ಬಿಣ.

ಎರಡೂ ಕಡೆಗೆ ಹೊಸ ಪ್ಯಾಡ್, ಹೊಸ ಪಿನ್, ಹೊಸ ರಬ್ಬರ್ ಹಾಕಿದೆ. ಕಳಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿಗೇ ಜೋತುಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಿದೆ. ಪಿನ್ನಿಗೆ ಕೈಗೆ ಸಿಕ್ಕ ಗ್ರೀಸ್ ಬಳಿದರೆ ರಬ್ಬರ್ ಉಬ್ಬುತ್ತದೆ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಬೇಕು. ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ಶೇ. 3.7ರಷ್ಟು ನೀರು ಸೇರಿದ ಮೇಲಿನ ಮಿತಿ 140 ಡಿಗ್ರಿ ಮಾತ್ರ. ಘಾಟಿಯ ಮಧ್ಯೆ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿದ್ದರೆ ಏನಾಗುತ್ತಿತ್ತು ಎಂದು ಹೆಂಡತಿ ಕೇಳಿದಳು, ನಾನು ಮಾತು ಬದಲಿಸಿದೆ. ಅಂದೇ ಆಯಿಲ್ ಪೂರ್ತಿ ಬದಲಾಯಿತು.

ಇನ್ನು ನನ್ನ ದಡ್ಡತನ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನನ್ನು ಹಿಂದಕ್ಕೆ ಒತ್ತಿರುತ್ತೇವಲ್ಲ, ಕಾರು ಕದಲಿಸುವ ಮೊದಲು ಪೆಡಲನ್ನು ಹತ್ತಾರು ಸಲ ತುಳಿದು ಅದನ್ನು ಮತ್ತೆ ಮುಂದಕ್ಕೆ ತರಬೇಕು. ಅಷ್ಟು ಹೊತ್ತಿಗೆ ಆಯಿಲ್ ಬದಲಿಸಿ, ಕೊನೆಯಲ್ಲಿ ಏಕೋ ಬಲಗಡೆ ಮತ್ತೊಮ್ಮೆ ಬಿಚ್ಚಿ ಕೂಡಿಸಿದ್ದೆ, ಪೆಡಲ್ ತುಳಿಯುವುದು ಮರೆತೇಹೋಯಿತು. ಸ್ಟಾರ್ಟ್ ಮಾಡಿ ಗೇರ್ ಹಾಕಿದೆ, ಬ್ರೇಕ್ ತುಳಿದರೆ ಪೆಡಲ್ ನೆಲ ಮುಟ್ಟಿತು. ಎದುರಿಗೆ ತುಳಸಿಕಟ್ಟೆ. ಹ್ಯಾಂಡ್ ಬ್ರೇಕ್ ಎಳೆದಾಗ ಬಂಪರಿಗೂ ಕಟ್ಟೆಗೂ ನಡುವೆ ಒಂದು ಗೇಣು ಅಂತರವಿತ್ತು. ಹಿಂದಿನ ಡ್ರಮ್ಮುಗಳು ಗಟ್ಟಿಯಾಗಿವೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಗುಂಯ್ ಶಬ್ದದ ಕತೆ ಸಣ್ಣದು. ಬಲ ಹಿಂದಿನ ಟಯರಿನ ಮೈ ಸವರಿದರೆ ಗರಗಸದ ಹಲ್ಲಿನಂತೆ ಏರುತಗ್ಗು. ಅದನ್ನು ಮುಂದಕ್ಕೆ ಹಾಕಿದಾಗ ಗುಂಯ್ ಕೂಡ ಮುಂದಕ್ಕೆ ಬಂತು. ಟಯರಿನ ಅಂಚಿನಲ್ಲಿ 2314 ಎಂಬ ಅಂಕೆಯಿತ್ತು, ಎಂದರೆ 2014ರ 23ನೇ ವಾರದ ತಯಾರಿಕೆ. ಅದನ್ನು ಇನ್ನೂ ಓಡಿಸುವುದು ಜಿಪುಣತನವೂ ಅಲ್ಲ, ಹುಂಬತನ. ಎರಡು ಹೊಸ ಟಯರು ಕೊಂಡೆ.

ಮುಂದಿನ ಸಲ ಸೋಮೇಶ್ವರದಲ್ಲಿ ಇಳಿದು ಎರಡೂ ಮುಂಚಕ್ರಗಳಿಗೆ ಅಂಗೈ ಹಿಡಿದೆ. ಎರಡೂ ಒಂದೇ ಬಿಸಿ. ಗ್ಯಾರೇಜಿನ ಮೇಸ್ತ್ರಿಗೆ ಎಲ್ಲವನ್ನೂ ಹೇಳಿದಾಗ ಅವರು ಬೇಸರಪಡಲಿಲ್ಲ. "ಆ ಮೈಕ್ ಒಮ್ಮೆ ಕೊಡಿ, ಒಂದು ಜೀಪಿನದು ಸಿಗುತ್ತಿಲ್ಲ" ಎಂದು ಒಯ್ದರು. ತಿಂಗಳಾಯಿತು, ಇನ್ನೂ ಬಂದಿಲ್ಲ. ಬರುವ ಭಾನುವಾರ ಒಂದು ಮದುವೆಯಿದೆ, ಹೋಗಿ ಕೇಳಬೇಕು.