ಒಂಬತ್ತನೇ ತರಗತಿ, ಒಂದು ಅರ್ಜಿ, ಒಂದು ಹಿಂಬರಹ

ಹೋದ ವರ್ಷದ ಫೆಬ್ರುವರಿಯಿಂದ ನಮ್ಮ ಊರಿನ ಸಂಜೆ ಬಸ್ಸು 4.10ರ ಬದಲು 4.35ಕ್ಕೆ ಹೊರಡುತ್ತಿದೆ. ಅದನ್ನು ಮಾಡಿಸಿದವರು ನನ್ನ ಒಂಬತ್ತನೇ ತರಗತಿಯ ಮಕ್ಕಳು. ಶಾಲೆ ಬಿಡುವುದು 4.20ಕ್ಕೆ. ಆ ಹತ್ತು ನಿಮಿಷದಿಂದಾಗಿ ಸುಮಾರು ನಲವತ್ತು ಮಕ್ಕಳು ಆರೂವರೆಯವರೆಗೆ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕಾಯುತ್ತಿದ್ದರು. ‘ಪೌರನೀತಿಯನ್ನು ಹೀಗೆಲ್ಲ ಕಲಿಸಲು ಆಗುವುದಿಲ್ಲ ಮೇಡಂ, ಮೊದಲು ಪಾಠ ಮುಗಿಸಿ’ ಎಂದು ನಾಲ್ಕು ವರ್ಷ ಹೇಳಿದವರಿಗೆಲ್ಲ, ಮಕ್ಕಳ ಅರ್ಜಿಗೆ ಕಚೇರಿಯಿಂದ ಬಂದ ಹಿಂಬರಹದ (ಲಿಖಿತ ಉತ್ತರದ) ನಕಲು ತೋರಿಸಿದ್ದೇನೆ. ತರಬೇತಿಗಳಲ್ಲಿ ಸಿಕ್ಕ ಸಮಾಜ ವಿಜ್ಞಾನ ಶಿಕ್ಷಕರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದಾರೆ, ಅದಕ್ಕೇ ಈ ಬರಹ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿರುವ ಸರ್ಕಾರಿ ಪ್ರೌಢಶಾಲೆ. ಶೇಂಗಾ, ಕುರಿ, ಮಳೆ ಕೈಕೊಟ್ಟರೆ ಕಾಫಿ ಸೀಮೆಗೆ ಗುಳೆ. ಇಲ್ಲಿಗೆ ಬಂದ ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಗೋಡೆಗೆ ಸುದ್ದಿ ಫಲಕ ಹಾಕಿ, ಎರಡು ಪತ್ರಿಕೆಗಳಿಗೆ ಕೈಯಿಂದ ಹಣ ಕೊಟ್ಟು, ದಿನಕ್ಕೊಂದು ತುಣುಕು ಅಂಟಿಸಲು ಹೇಳಿದೆ. ತಿಂಗಳೊಳಗೆ ಫಲಕದ ತುಂಬ ಕ್ರಿಕೆಟ್ ಆಟಗಾರರೇ ಇದ್ದರು. ಮರುವರ್ಷ ಶಾಲಾ ಸಂಸತ್ತಿನ ಚುನಾವಣೆಗೆಂದು ಮೂರೂವರೆ ಸಾವಿರ ಕೊಟ್ಟು ಮಾದರಿ ಮತಯಂತ್ರ ತರಿಸಿದೆ. ಮಕ್ಕಳು ಗುಂಡಿ ಒತ್ತಿದರು, ಸದ್ದು ಬಂತು, ಚಪ್ಪಾಳೆ ಹೊಡೆದರು. ಗೆದ್ದ ಮಂತ್ರಿಗಳಿಗೆ ಮಾಡಲು ಕೆಲಸವೇ ಇರಲಿಲ್ಲ. ಯಂತ್ರ ಈಗ ಪ್ರಯೋಗಾಲಯದ ಬೀರುವಿನಲ್ಲಿದೆ. ಹೊಸ ಶಿಕ್ಷಕರಿಗೆ ಹೇಳುವುದಿಷ್ಟೇ: ಆ ಹಣಕ್ಕೆ ನಾಲ್ಕು ವರ್ಷ ಅರ್ಜಿಗಳ ಖರ್ಚು ನಡೆಯುತ್ತದೆ.

ಚರ್ಚಾ ಸ್ಪರ್ಧೆ ನಡೆಸಿದ್ದು ಇವೆಲ್ಲಕ್ಕಿಂತ ದೊಡ್ಡ ತಪ್ಪು. ಮೀಸಲಾತಿ ಬೇಕೇ, ಬೇಡವೇ ಎಂಬ ವಿಷಯ ಕೊಟ್ಟೆ. ಮಾತನಾಡಿದವರು ಎಂದಿನ ನಾಲ್ವರೇ, ಅವರೂ ಮನೆಯಲ್ಲಿ ಕೇಳಿದ್ದನ್ನು ಒಪ್ಪಿಸಿದರು. ಕೊನೆಯ ಸಾಲಿನ ಹುಡುಗನೊಬ್ಬ ತಲೆ ತಗ್ಗಿಸಿ ಕುಳಿತವನು ಮೂರು ದಿನ ಶಾಲೆಗೆ ಬರಲಿಲ್ಲ. ಅವನ ಮನೆಗೆ ಹೋಗಿ ಅವನ ಅಜ್ಜಿಯ ಮುಂದೆ ಕುಳಿತಾಗ ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಅಂದಿನಿಂದ ತರಗತಿಯಲ್ಲಿ ‘ನಿನ್ನ ಅಭಿಪ್ರಾಯವೇನು’ ಎಂದು ಮೊದಲೇ ಕೇಳುವುದಿಲ್ಲ. ಮೊದಲು ಎಣಿಸಬೇಕು, ಮಾತು ಆಮೇಲೆ.

ಎಣಿಕೆಯಿಂದ ದಾರಿ ಸಿಕ್ಕಿತು. ಮೂರನೆಯ ವರ್ಷ ಜೂನ್‌ನಲ್ಲಿ ಒಂದೇ ಪ್ರಶ್ನೆ ಕೊಟ್ಟೆ: ಏಳನೇ ತರಗತಿಯಲ್ಲಿ ನಿಮ್ಮ ಜೊತೆ ಇದ್ದವರು ಈಗ ಎಲ್ಲಿದ್ದಾರೆ? ಸುತ್ತಲಿನ ಮೂರು ಪ್ರಾಥಮಿಕ ಶಾಲೆಗಳ ಮಕ್ಕಳು ಸೇರಿ ನೆನಪಿನಿಂದ ಪಟ್ಟಿ ಮಾಡಿದರು. ಎಪ್ಪತ್ತರ ಆಸುಪಾಸಿನಲ್ಲಿ ಹನ್ನೊಂದು ಮಂದಿ ಯಾವ ಶಾಲೆಯಲ್ಲೂ ಇರಲಿಲ್ಲ. ಐವರು ಕುರಿ ಹಿಂದೆ, ಮೂವರು ತಂದೆತಾಯಿಯ ಜೊತೆ ಗುಳೆ, ಉಳಿದ ಮೂವರು ಹೆಣ್ಣುಮಕ್ಕಳ ವಿಷಯ ಬಂದಾಗ ತರಗತಿ ಮೌನವಾಯಿತು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು, ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಇದನ್ನು ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದಿದ್ದೆ. ಆ ದಿನ ಒಬ್ಬ ಹುಡುಗಿ ಎದ್ದು ನಿಂತು, ‘ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ನಮ್ಮ ಹೆಸರು ಹೇಳುತ್ತಾರೆಯೇ ಮೇಡಂ?’ ಎಂದಳು. ಪರೀಕ್ಷೆಯಲ್ಲಿ ಎಂದೂ ಬರದ ಪ್ರಶ್ನೆ ಅದು, ಅವಳಿಗೆ ಬೇಕಾಗಿದ್ದುದು ಅದೊಂದೇ. ಅಲ್ಲಿಂದ ನಾನೊಂದು ನಿಯಮ ಮಾಡಿಕೊಂಡೆ: ತರಗತಿಯಿಂದ ಸಂಖ್ಯೆ ಮಾತ್ರ ಹೊರಗೆ ಹೋಗಬೇಕು, ಹೆಸರು ಹೋಗಬಾರದು. ಹನ್ನೊಂದರಲ್ಲಿ ಇಬ್ಬರು ಹುಡುಗರು ಮರಳಿ ಬಂದರು. ಹೆಣ್ಣುಮಕ್ಕಳು ಬರಲಿಲ್ಲ.

ಬಸ್ಸಿನ ಕೆಲಸವೂ ಎಣಿಕೆಯಿಂದಲೇ ಶುರುವಾಯಿತು. ಹದಿನೆಂಟು ದಿನ ಮರದ ಕೆಳಗೆ ಎಷ್ಟು ಮಂದಿ, ಎಷ್ಟು ಹೊತ್ತು ಕಾದರು ಎಂದು ಬರೆದಿಟ್ಟರು. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆ ತಪ್ಪಿತ್ತು, ಬಸ್ಸಿನ ಚಿಂತೆ ಹಾಗೇ ಉಳಿದಿತ್ತು. ಅಂಕಿ ಸೇರಿಸಿ ಸಾರಿಗೆ ಘಟಕಕ್ಕೆ ಮನವಿ ಬರೆದರು. ಇಲ್ಲಿಯವರೆಗೆ ಯಾವ ಶಾಲೆಯಾದರೂ ಮಾಡುತ್ತದೆ. ನಾನು ಹಟ ಹಿಡಿದದ್ದು ಒಂದಕ್ಕೆ: ನಕಲು ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಇಲ್ಲದೆ ಯಾರೂ ಮರಳಿ ಬರಕೂಡದು. ಮೊದಲ ಸಲ ಹೋದ ನಾಲ್ವರು ಬರಿಗೈಯಲ್ಲಿ ಬಂದರು. ‘ಇಟ್ಟು ಹೋಗಿ, ನೋಡುತ್ತೇವೆ’ ಎಂದಿದ್ದರಂತೆ. ಮತ್ತೆ ಕಳುಹಿಸಿದೆ. ಎರಡನೆಯ ಸಲ ಕೌಂಟರಿನಲ್ಲಿ ಹೇಳಬೇಕಾದ ಒಂದು ವಾಕ್ಯ ಕಲಿಸಿ ಕಳುಹಿಸಿದ್ದೆ. ಅದು ನಮ್ಮ ಶಾಲೆಯ ಮಕ್ಕಳ ಆಸ್ತಿ, ಇಲ್ಲಿ ಬರೆಯುವುದಿಲ್ಲ. ಮುದ್ರೆ ಬಿತ್ತು. ಅದನ್ನು ಹಿಡಿದು ಬಂದ ಹುಡುಗಿ ಇಡೀ ಶಾಲೆಗೆ ತೋರಿಸಿಕೊಂಡು ತಿರುಗಿದಳು.

ಎರಡು ತಿಂಗಳು ಉತ್ತರವಿಲ್ಲ. ಆಗ ಮಾಹಿತಿ ಹಕ್ಕು ಅರ್ಜಿ ಹಾಕಿದೆವು. ಬಸ್ಸಿನ ವೇಳೆ ಬದಲಿಸಿ ಎಂದು ಅದರಲ್ಲಿ ಕೇಳಲಾಗದು, ಕೇಳಿದರೆ ಅರ್ಜಿ ಬಿದ್ದುಹೋಗುತ್ತದೆ. ಇಂಥ ದಿನಾಂಕದ ನಮ್ಮ ಮನವಿಯ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ, ಕಡತದ ನಕಲು ಕೊಡಿ, ಇಷ್ಟೇ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ನಿಯಮವನ್ನು ಹಲವರು ಶಪಿಸುತ್ತಾರೆ, ನನಗಂತೂ ಅದು ವರವಾಯಿತು. ಮಕ್ಕಳ ಮೊದಲ ಕರಡು ಮೂರು ಪುಟವಿತ್ತು, ಊರಿನ ಇತಿಹಾಸದಿಂದ ಆರಂಭವಾಗಿತ್ತು. ಆರನೆಯ ಕರಡು ನೂರಹತ್ತು ಪದಕ್ಕೆ ಇಳಿಯಿತು. ಅಲ್ಲಿಯವರೆಗೆ ನನ್ನನ್ನು ವಿರೋಧಿಸುತ್ತಿದ್ದ ಕನ್ನಡ ಮೇಷ್ಟ್ರು ಆ ಕರಡುಗಳನ್ನು ನೋಡಿ, ಪತ್ರಲೇಖನದ ಅವಧಿಗಳನ್ನೇ ನನಗೆ ಬಿಟ್ಟುಕೊಟ್ಟರು.

ಒಂದು ಎಚ್ಚರಿಕೆ. ಮೊದಲ ಅರ್ಜಿಯನ್ನು ನನ್ನ ಹೆಸರಿನಲ್ಲೇ ಹಾಕಿದ್ದೆ. ವಾರದೊಳಗೆ ಮೇಲಿನಿಂದ ದೂರವಾಣಿ ಬಂತು, ಸರ್ಕಾರಿ ನೌಕರಳಾಗಿ ಇದೆಲ್ಲ ನಿನಗೆ ಬೇಕೇ ಎಂದು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಪೋಷಕರ ಹೆಸರಿನಲ್ಲಿ, ಅವರ ಒಪ್ಪಿಗೆ ಪಡೆದು ಹಾಕುತ್ತೇವೆ. ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಅದೂ ಇಲ್ಲ. ಕಾಯ್ದೆಯ ಗಡುವು ಮೂವತ್ತು ದಿನ, ನಮಗೆ ಹಿಂಬರಹ ಬಂದದ್ದು ಇಪ್ಪತ್ತೇಳನೆಯ ದಿನ. ಕಡತದಲ್ಲಿ ನಮ್ಮ ಮನವಿ ಬಿಟ್ಟರೆ ಬೇರೆ ಹಾಳೆಯೇ ಇರಲಿಲ್ಲ. ಅದಾದ ಮೂರು ವಾರಕ್ಕೆ ಬಸ್ಸಿನ ವೇಳೆ ಬದಲಾಯಿತು.

ಖರ್ಚು ಕೇಳುವವರಿಗೆ: ಜೆರಾಕ್ಸ್, ಅಂಚೆ, ತಾಲ್ಲೂಕು ಕೇಂದ್ರಕ್ಕೆ ನಾಲ್ಕು ಸಲದ ಬಸ್ ಖರ್ಚು, ಮಕ್ಕಳಿಗೆ ಅಲ್ಲಿ ಇಡ್ಲಿ, ಎಲ್ಲ ಸೇರಿ ವರ್ಷಕ್ಕೆ ಎಂಟುನೂರರಿಂದ ಸಾವಿರ. ಮೊದಲೆರಡು ವರ್ಷ ನನ್ನದೇ ಕೈ, ಈಗ ಶಾಲಾಭಿವೃದ್ಧಿ ಸಮಿತಿಯವರು ಅರ್ಧ ಕೊಡುತ್ತಾರೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಒಬ್ಬಳ ಕಿವಿಯಲ್ಲಿ ‘ಸೋಮವಾರ ರಜೆಯಂತೆ’ ಎಂದೆ. ಬಿಸಿಯೂಟದ ಹೊತ್ತಿಗೆ ಅಡುಗೆಯವರಿಗೂ ಗೊತ್ತಾಗಿತ್ತು, ಒಬ್ಬ ಹುಡುಗ ಅದಕ್ಕೆ ಜಿಲ್ಲಾಧಿಕಾರಿಗಳ ಆದೇಶವನ್ನೂ ಸೇರಿಸಿದ್ದ. ಮಧ್ಯಾಹ್ನ ‘ನಿನಗೆ ಯಾರು ಹೇಳಿದರು’ ಎಂದು ಹಿಂದಕ್ಕೆ ಕೇಳುತ್ತಾ ಹಲಗೆಯ ಮೇಲೆ ಬಾಣ ಎಳೆದೆವು. ಆಮೇಲೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಹೇಳಿದೆ. ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಅಲ್ಲಿ ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಹಲಗೆಯ ಮೇಲಿನ ಬಾಣಗಳನ್ನು ಅಂದು ಯಾರೂ ಒರೆಸಲಿಲ್ಲ. ಮುಖ್ಯ ಶಿಕ್ಷಕರು ನನ್ನನ್ನು ಕರೆದು ಬೈದರು, ಸೋಮವಾರ ನಿಜವಾಗಿಯೂ ಮೂವತ್ತು ಮಕ್ಕಳು ಬಂದಿರಲಿಲ್ಲ. ಮತ್ತೆ ಮಾಡಿದರೆ ಶುಕ್ರವಾರ ಮಾಡುವುದಿಲ್ಲ, ಮಂಗಳವಾರ ಮಾಡುತ್ತೇನೆ.

ಫಲಿತಾಂಶ ಕುಸಿಯುತ್ತದೆ ಎಂದವರಿಗೂ ಉತ್ತರವಿದೆ. ಈ ಮಕ್ಕಳು ಹತ್ತನೇ ತರಗತಿಗೆ ಹೋದ ವರ್ಷ ಸಮಾಜ ವಿಜ್ಞಾನದ ಸರಾಸರಿ ಐವತ್ತೆಂಟರಿಂದ ಎಪ್ಪತ್ತರ ಹತ್ತಿರಕ್ಕೆ ಬಂತು, ಯಾರೂ ಅನುತ್ತೀರ್ಣರಾಗಲಿಲ್ಲ. ಸ್ಥಳೀಯ ಸರ್ಕಾರದ ಪಾಠವನ್ನು ನಾನು ಎರಡೇ ಅವಧಿಯಲ್ಲಿ ಮುಗಿಸಿದ್ದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಕೆಲಸವೇನು, ಗ್ರಾಮಸಭೆಗೆ ಯಾರು ಬರಬಹುದು ಎಂಬುದನ್ನು ಮಕ್ಕಳೇ ನನಗೆ ಹೇಳಿದರು. ಯಾವ ಮಗುವನ್ನು ಕೌಂಟರಿಗೆ ಕಳುಹಿಸಬೇಕು, ಯಾರನ್ನು ಕರಡಿಗೆ ಕೂರಿಸಬೇಕು ಎಂದು ಆರಿಸುವ ರೀತಿಯೊಂದಿದೆ, ಅದು ಪಕ್ಕಾ ಆದ ಮೇಲೆ ಬರೆಯುತ್ತೇನೆ. ಜಾಣರನ್ನೇ ಮುಂದೆ ಬಿಡುವುದಿಲ್ಲ ಎಂದಷ್ಟೇ ಈಗ ಹೇಳಬಲ್ಲೆ.

ಈ ವರ್ಷದ ತಂಡ ಕುಡಿಯುವ ನೀರಿನ ಘಟಕವನ್ನು ಹಿಡಿದಿದೆ. ಐದು ರೂಪಾಯಿ ನಾಣ್ಯ ಹಾಕಿದರೆ ನೀರು ಬರಬೇಕು, ಏಪ್ರಿಲ್‌ನಿಂದ ಬರುತ್ತಿಲ್ಲ. ಮುದ್ರೆ ಬಿದ್ದಿದೆ, ಮಾಹಿತಿ ಹಕ್ಕು ಅರ್ಜಿ ಹೋಗಿ ನಲವತ್ತೊಂದು ದಿನವಾಗಿದೆ, ಉತ್ತರವಿಲ್ಲ. ಮೊದಲ ಮೇಲ್ಮನವಿಯ ಎರಡನೆಯ ಕರಡು ನನ್ನ ಮೇಜಿನ ಮೇಲಿದೆ. ಇನ್ನೂ ಉದ್ದವಾಗಿದೆ. ಶುಕ್ರವಾರದೊಳಗೆ ಅರ್ಧಕ್ಕೆ ಇಳಿಸಿ ತರಲು ಹೇಳಿದ್ದೇನೆ.