ಗಿಟ್‌ಹಬ್‌ನಿಂದ ಕೋಡ್‌ಬರ್ಗ್‌ಗೆ ಕೋಡ್ ಸಾಗಿಸುವುದು ಹೇಗೆ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದವರಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹೊಸತಲ್ಲ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬ್‌ಗಳಲ್ಲಿ ಇರುವುದೇ ಅದು. ಶಾಲೆಗಳ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನಲ್ಲಿ ಪ್ರೋಗ್ರಾಮಿಂಗನ್ನೂ ಹೇಳಿಕೊಡುತ್ತಾರೆ. ಆದರೆ ಅದೇ ಮಕ್ಕಳು ಪೊವ್ವಲ್‌ನ ಎಂಜಿನಿಯರಿಂಗ್ ಕಾಲೇಜಿಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಸೇರಿದ ಮೇಲೆ ಬರೆದ ಕೋಡನ್ನು ಇಡುವುದು ಹೆಚ್ಚಾಗಿ ಗಿಟ್‌ಹಬ್‌ನಲ್ಲಿ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಬೆಲೆಗೆ ಕೊಂಡ ತಾಣ ಅದು.

ಉಚಿತ, ಎಲ್ಲರೂ ಅಲ್ಲೇ ಇದ್ದಾರೆ, ಮತ್ತೇನು ತೊಂದರೆ ಎಂದು ಕೇಳಬಹುದು. ನಿಯಮ ಬದಲಿಸುವುದೂ ಬಾಗಿಲು ಮುಚ್ಚುವುದೂ ಕಂಪನಿಗೆ ಬಿಟ್ಟದ್ದು, ತೊಂದರೆ ಅದೇ. ಇಂಥದ್ದೇ ತಾಣವಾಗಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿಯೇ ಹೋಯಿತು. 2019ರಲ್ಲಿ ಅಮೆರಿಕದ ನಿರ್ಬಂಧಗಳ ಕಾರಣ ಇರಾನ್, ಸಿರಿಯಾ, ಕ್ರಿಮಿಯಾದ ಪ್ರೋಗ್ರಾಮರ್‌ಗಳಿಗೆ ಗಿಟ್‌ಹಬ್‌ನಲ್ಲಿದ್ದ ತಮ್ಮದೇ ಖಾಸಗಿ ರೆಪೊಗಳು (ಒಂದೊಂದು ಯೋಜನೆಯ ಕೋಡ್ ಇಡುವ ಕೋಶಗಳು) ಸಿಗದಂತಾದವು. ಅವರು ಮಾಡಿದ ತಪ್ಪು ಏನೂ ಇರಲಿಲ್ಲ.

ಕೋಡ್‌ಬರ್ಗ್ ಕೂಡ ಕೋಡ್ ಇಡುವ ತಾಣವೇ, ಆದರೆ ನಡೆಸುವುದು ಬರ್ಲಿನ್‌ನ ಒಂದು ಸಂಘ. ಲಾಭದ ಉದ್ದೇಶವಿಲ್ಲ. ಸದಸ್ಯರೇ ಮತ ಹಾಕಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಆ ತಾಣವನ್ನು ಓಡಿಸುವ ಫೋರ್ಜೆಯೊ (Forgejo) ಕೂಡ ಸ್ವತಂತ್ರ ತಂತ್ರಾಂಶ. ಬೇಕಾದರೆ ಕಾಲೇಜಿನ ಸರ್ವರ್‌ನಲ್ಲೇ ಹಾಕಿಕೊಳ್ಳಬಹುದು.

ಮೊದಲು ಲೈಸೆನ್ಸ್ ನೋಡಿ. ಕೋಡ್‌ಬರ್ಗ್ ಇರುವುದು ಜಿಪಿಎಲ್, ಎಂಐಟಿಯಂಥ ಮುಕ್ತ ಲೈಸೆನ್ಸ್ ಇರುವ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಕೆಲಸಕ್ಕೆ. ಎಲ್ಲವನ್ನೂ ಗುಟ್ಟಾಗಿಡಬೇಕು ಅಂತಿದ್ದರೆ ಅದು ಸರಿಯಾದ ಜಾಗವಲ್ಲ.

ಖಾತೆ ತೆರೆದ ಮೇಲೆ ಮುಖ್ಯ ಕೆಲಸ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಪೂರ್ತಿ ಕ್ಲೋನ್ (ನಕಲು) ಮಾಡಿದರೆ ಕೋಡಿನ ಇಡೀ ಇತಿಹಾಸ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಆದರೆ ಇಶ್ಯೂಗಳು (ದೋಷ, ಸಲಹೆಗಳ ಟಿಪ್ಪಣಿ), ಅವುಗಳ ಕೆಳಗಿನ ಚರ್ಚೆ ಬರುವುದಿಲ್ಲ. ಅವು ಇರುವುದು ತಾಣದ ಡೇಟಾಬೇಸಿನಲ್ಲಿ. ಈ ದೋಷಕ್ಕೆ ಏನು ಪರಿಹಾರ ಕಂಡೆವು, ಯಾಕೆ ಹಾಗೆ ಮಾಡಿದೆವು ಎಂಬುದೆಲ್ಲ ಅಲ್ಲೇ ಅಲ್ವಾ ಇರುವುದು? ಹಾಗಾಗಿ ಸುಮ್ನೆ ಕೋಡನ್ನು ಪುಶ್ ಮಾಡಿ (ಹೊಸ ತಾಣಕ್ಕೆ ಕಳಿಸಿ) ಮುಗಿಸಬೇಡಿ. ಕೋಡ್‌ಬರ್ಗ್‌ನ ಮೇಲ್ಗಡೆ ಇರುವ ಕೂಡಿಸು ಚಿಹ್ನೆ ಒತ್ತಿ, ಮೈಗ್ರೇಶನ್ ಆರಿಸಿ. ಗಿಟ್‌ಹಬ್ ಎಂದು ಗುರುತಿಸಿ, ರೆಪೊದ ವಿಳಾಸ ಕೊಡಿ. ಗಿಟ್‌ಹಬ್‌ನಲ್ಲಿ ಒಂದು ಟೋಕನ್ (ಪಾಸ್‌ವರ್ಡ್ ಬದಲು ಕೊಡುವ ಕೀಲಿ) ಮಾಡಿ ಈ ಮೈಗ್ರೇಶನ್ ಪುಟದಲ್ಲಿ ಹಾಕಿ. ಆಗ ಇಶ್ಯೂ, ಲೇಬಲ್, ವಿಕಿ, ರಿಲೀಸ್‌ಗಳಿಗೆಲ್ಲ ಟಿಕ್ ಹಾಕಬಹುದು. ಕೆಲಸ ಮುಗಿದ ಕೂಡಲೇ ಆ ಟೋಕನ್ ಅಳಿಸಿ.

ಆಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ‘git remote set-url origin’ ಎಂಬ ಆಜ್ಞೆ ಕೊಟ್ಟು, ಮುಂದೆ ಹೊಸ ವಿಳಾಸ ಸೇರಿಸಿದರೆ ಸಾಕು. ಕೋಡ್ ಪರೀಕ್ಷೆಯಂಥ ಕೆಲಸ ತಾನಾಗಿ ನಡೆಯಲು ಗಿಟ್‌ಹಬ್ ಆ್ಯಕ್ಷನ್ಸ್ ಬಳಸುತ್ತಿದ್ದರೆ ಆ ಫೈಲುಗಳನ್ನು ತಿದ್ದಬೇಕಾದೀತು. ಇಲ್ಲೇ ಸ್ವಲ್ಪ ಜಾಸ್ತಿ ಸಮಯ ಹಿಡಿಯುತ್ತದೆ.

ಕೆಲಸಕ್ಕೆ ಅರ್ಜಿ ಹಾಕುವಾಗ ಗಿಟ್‌ಹಬ್ ಲಿಂಕ್ ಕೇಳುತ್ತಾರೆ ಎಂಬ ಅಳುಕು ಹಲವರಿಗಿದೆ. ಅಂಥವರು ಕೋಡ್‌ಬರ್ಗ್‌ನ ರೆಪೊ ಸೆಟ್ಟಿಂಗ್ಸ್‌ನಲ್ಲಿ ಪುಶ್ ಮಿರರ್ ಹಾಕಲಿ. ಕೋಡ್‌ಬರ್ಗ್‌ನಲ್ಲಿ ಬರೆದದ್ದು ತಾನಾಗಿ ಗಿಟ್‌ಹಬ್‌ಗೂ ಹೋಗುತ್ತದೆ. ಮಿರರ್ ಬೇಡ ಎನ್ನುವವರು ಹಳೆಯ ರೆಪೊವನ್ನು ಅಳಿಸದೆ, ಅದರ ರೀಡ್‌ಮಿ ಎಂಬ ಪರಿಚಯದ ಫೈಲಿನಲ್ಲಿ ಹೊಸ ವಿಳಾಸ ಬರೆದು ಆರ್ಕೈವ್ ಮಾಡಿ (ಓದಲು ಮಾತ್ರ ಇರುವಂತೆ ಇಡಿ). ಹುಡುಕಿಕೊಂಡು ಬಂದವರಿಗೆ ದಾರಿ ಸಿಗುತ್ತದೆ.